ಇಷ್ಟದ ರಂಗೋಲಿಯೂ ಬೇಡವಾಗಿದೆ

ಪ್ರಶ್ನೆ: ಅತ್ತೆಗೆ ಲಕ್ವ ಹೊಡೆದು ಎರಡು ವರ್ಷವಾಯಿತು. ನಾನೊಬ್ಬಳೇ ನೋಡಿಕೊಳ್ಳುತ್ತೇನೆ. ಈಗೀಗ ನಸುಕಿನ ಮೂರಕ್ಕೇ ಎಚ್ಚರವಾಗುತ್ತದೆ. ಇಷ್ಟದ ರಂಗೋಲಿಯೂ ಬೇಡವಾಗಿದೆ. ‘ಸುಮ್ನೆ ಯೋಚಿಸ್ತೀಯ’ ಅಂತಾರೆ ಮನೆಯವರು. ಹೌದಾ ಡಾಕ್ಟರ್?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಅಲ್ಲಮ್ಮ. ಆ ‘ಸುಮ್ನೆ’ ಕೇಳಿದರೆ ನನಗೆ ಸಂಕಟವಾಗುತ್ತದೆ. ಒತ್ತಡವಾದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗ ಅದನ್ನು ಗುರುತಿಸಿ ‘ಸಾಕು’ ಎಂದು ಸೂಚನೆ ಕೊಡುತ್ತದೆ. ಒತ್ತಡ ಮುಗಿಯದೇ ಹೋದರೆ ಈ ತಡೆಯೇ ಸಡಿಲವಾಗಬಹುದು. 2002ರಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ತಂಡ ಮುಗಿಯದ ಒತ್ತಡ ಮಿದುಳಿಗೆ ಏನು ಮಾಡುತ್ತದೆಂದು ಇಲಿಗಳಲ್ಲಿ ನೋಡಿತು. ಹತ್ತು ದಿನ, ದಿನಕ್ಕೆರಡು ತಾಸು ಅಲುಗಾಡದಂತೆ ಹಿಡಿದಿಟ್ಟಾಗ ಹಿಪೊಕ್ಯಾಂಪಸ್ ನರಕೋಶಗಳ ಕವಲು ಕುಗ್ಗಿದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಕವಲು ಜಾಸ್ತಿಯಾದವು! ಖುಷಿ, ಆಸಕ್ತಿಗೆ ಬೇಕಾದ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಸಂಕೇತವೂ ಮಂಕಾಗಬಹುದು. ರಂಗೋಲಿ ಬೇಡವಾದದ್ದು ನಿಮ್ಮ ಸೋಮಾರಿತನವಲ್ಲ. ಈ ವಾರವೇ ಮನೋವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೂ ಆದೀತು, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಪಾಳಿಯನ್ನು ಮನೆಯವರಿಗೆ ಇವತ್ತೇ ವಹಿಸಿ.