ಆಪ್ತಸಲಹೆ ಪ್ರಕರಣ: ಆಷಾಢದಲ್ಲಿ ಬಿದ್ದ ವಿಮೆ ಕಂತು

ಹೆಸರು, ಊರು ಬದಲಿಸುವ ಗೋಜಿಗೆ ಹೋಗದೆ ಎರಡನ್ನೂ ಬಿಟ್ಟಿದ್ದೇನೆ. ಅಂಕಿಗಳನ್ನು ಗುರುತು ಸಿಗದಷ್ಟು ಅತ್ತಿತ್ತ ಮಾಡಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ಗಂಡ ಮದುವೆ ಫೋಟೋಗ್ರಾಫರ್, ವಯಸ್ಸು 41, ಬಾಡಿಗೆ ಅಂಗಡಿಯಲ್ಲಿ ಸ್ಟುಡಿಯೋ. ಹೆಂಡತಿಗೆ 36, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಶಾಲೆಗೆ ಹೋಗುವ ಮಕ್ಕಳಿಬ್ಬರು. ಆತನ ತಾಯಿಗೆ 67 ವರ್ಷ, ಸಕ್ಕರೆ ಕಾಯಿಲೆ, ಹಳ್ಳಿಯಲ್ಲಿ ದೊಡ್ಡ ಮಗನ ಜೊತೆ ಇದ್ದಾರೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ಸಲಹಾ ಕೇಂದ್ರಕ್ಕೆ ಬಂದಾಗ ಹೆಂಡತಿ ಮುಂದೆ ಕುಳಿತರು, ಆತ ಬಾಗಿಲ ಹತ್ತಿರದ ಕುರ್ಚಿ ಹಿಡಿದರು. ಕರೆತಂದವರು ಯಾರು ಎಂದು ಕೇಳಬೇಕಾಗಿರಲಿಲ್ಲ.

ಆಗಸ್ಟ್ ಮಧ್ಯದಲ್ಲಿ ಆತನಿಗೆ ಎದೆ ನೋವು ಬಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರು. ಹೃದಯಾಘಾತ ಆಗಿರಲಿಲ್ಲ, ಬಿಪಿ ಮಿತಿ ಮೀರಿತ್ತು. ಮೂರು ದಿನಕ್ಕೆ 68,000 ರೂಪಾಯಿ ಬಿಲ್. ಆರೋಗ್ಯ ವಿಮೆ ಇದೆ ಎಂದೇ ಮನೆಯವರು ನಂಬಿದ್ದರು. ಕೌಂಟರ್‌ನಲ್ಲಿ ಪಾಲಿಸಿ ನಂಬರ್ ಕೊಟ್ಟಾಗ ಅದು ಚಾಲ್ತಿಯಲ್ಲಿಲ್ಲ ಎಂದು ಗೊತ್ತಾಯಿತು. ಅಂದೇ ಸಂಜೆ ಪರಿಚಯದ ಒಬ್ಬರಿಂದ 80,000 ಸಾಲ ತಂದರು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ವರ್ಷಕ್ಕೆ ಶೇ 36. ಬ್ಯಾಂಕಿನಲ್ಲಿ ಅಡ ಇಟ್ಟ ಬಂಗಾರದ ಮೇಲೆ 1,10,000 ಸಾಲ ಮೊದಲೇ ಇತ್ತು. ಕ್ಯಾಮೆರಾ ಸಾಲದ ಕಂತು ತಿಂಗಳಿಗೆ 6,400 ಬೇರೆ.

"ಗ್ರೇಸ್ ಮುಗಿದು ಬರೀ ಒಂದು ವಾರ ಆಗಿತ್ತು ಸಾರ್. ಒಂದು ವಾರ ಮುಂಚೆ ನೋವು ಬಂದಿದ್ರೆ ವಿಮೆ ಸಿಕ್ತಿತ್ತು," ಎಂದರು ಆತ. ಬಹಳ ಜನ ಹೀಗೇ ತಿಳಿದಿದ್ದಾರೆ, ಇದು ಸರಿಯಲ್ಲ. ವರ್ಷದ ಕಂತು ಒಟ್ಟಿಗೆ ಕಟ್ಟುವ ಪಾಲಿಸಿಗೆ ನವೀಕರಣದ ದಿನ ಕಳೆದ ಮೇಲೆ 30 ದಿನದ ಗ್ರೇಸ್ ಇರುತ್ತದೆ. ಅಷ್ಟರೊಳಗೆ ಕಟ್ಟಿದರೆ ಹಳೆಯ ಪಾಲಿಸಿ ಮುಂದುವರಿಯುತ್ತದೆ, ಕಾಯುವ ಅವಧಿಯಲ್ಲಿ (ಕೆಲವು ಕಾಯಿಲೆಗಳಿಗೆ, ಮುಖ್ಯವಾಗಿ ಮೊದಲೇ ಇದ್ದ ಕಾಯಿಲೆಗೆ, ಕ್ಲೇಮ್ ಸಿಗದ ಶುರುವಿನ ಅವಧಿ) ಕಳೆದ ವರ್ಷಗಳು ಉಳಿಯುತ್ತವೆ. ಆದರೆ ಕಂತು ಕಟ್ಟದೆ ಇದ್ದ ಆ ದಿನಗಳಲ್ಲಿ ಆಸ್ಪತ್ರೆಗೆ ಸೇರಿದರೆ ಕ್ಲೇಮ್ ಸಿಗುವುದಿಲ್ಲ.

ಆ ಪಾಲಿಸಿ ತೆಗೆದುಕೊಂಡಿದ್ದು 2023ರ ಜುಲೈನಲ್ಲಿ. ಹಾಗಾಗಿ ಪ್ರತಿ ವರ್ಷ ಜುಲೈ 8ಕ್ಕೆ ನವೀಕರಣ. 2025ರಲ್ಲಿ ಅದು ಸರಿಯಾಗಿ ಆಷಾಢದಲ್ಲಿ ಬಿತ್ತು. ಮದುವೆ ಫೋಟೋಗ್ರಾಫರ್ ಕೈಯಲ್ಲಿ ಆಷಾಢದಲ್ಲಿ ಏನಿರುತ್ತದೆ? ಪಾಸ್‌ಪೋರ್ಟ್ ಫೋಟೋ, ಒಂದೆರಡು ಹುಟ್ಟುಹಬ್ಬ. ಏಜೆಂಟ್ ಎರಡು ಸಲ ಫೋನ್ ಮಾಡಿದ್ದರಂತೆ. ಎರಡು ಸಲವೂ "ಮುಂದಿನ ವಾರ ಹಾಕ್ತೀನಿ" ಎಂಬ ಉತ್ತರ. ಮೇ ತಿಂಗಳಲ್ಲಿ ಇದೇ ಮನುಷ್ಯನ ಖಾತೆಗೆ ಲಕ್ಷದ ಮೇಲೆ ಹಣ ಬಂದಿತ್ತು.

ಇನ್ನೊಂದು ನಷ್ಟ ಅವರಿಗೆ ಗೊತ್ತೇ ಇರಲಿಲ್ಲ. ಬಿಪಿ ಇದೆ ಎಂದು ಪತ್ತೆಯಾಗಿದ್ದು 2024ರ ಕೊನೆಗೆ, ಅಂದರೆ ಪಾಲಿಸಿ ತೆಗೆದುಕೊಂಡ ಮೇಲೆ. ಆ ಪಾಲಿಸಿಯ ಲೆಕ್ಕದಲ್ಲಿ ಅದು ಮೊದಲೇ ಇದ್ದ ಕಾಯಿಲೆ ಅಲ್ಲ. ಪಾಲಿಸಿಯನ್ನು ಕೈಬಿಟ್ಟ ಮರುಗಳಿಗೆ, ಮುಂದೆ ಕೊಳ್ಳುವ ಯಾವ ಪಾಲಿಸಿಗೂ ಅದು ಮೊದಲೇ ಇದ್ದ ಕಾಯಿಲೆಯಾಯಿತು. ಇದನ್ನು ಬಿಡಿಸಿ ಹೇಳಿದಾಗ ಆತ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು.

ಮೊದಲು ಹನ್ನೆರಡು ತಿಂಗಳ ಲೆಕ್ಕ ಬರೆಯಿರಿ ಎಂದೆ. ಎರಡನೇ ಭೇಟಿಗೆ ಆರ್ಡರ್ ಡೈರಿ, ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ವಿವರ ಎಲ್ಲ ತಂದರು. ಆರ್ಡರ್‌ಗಳಿಂದ ಬಂದದ್ದು 9,20,000. "ನನ್ನ ವರ್ಷದ ಸಂಪಾದನೆ ಒಂಬತ್ತು ಲಕ್ಷ," ಎಂದು ಆತ ನೆಂಟರ ಮನೆಯಲ್ಲಿ ಹೇಳಿಕೊಂಡಿದ್ದೂ ಉಂಟಂತೆ. ಆಲ್ಬಮ್ ಪ್ರಿಂಟಿಂಗ್‌ಗೆ 1,80,000, ಎರಡನೇ ಕ್ಯಾಮೆರಾದವರಿಗೆ 1,50,000, ಎಡಿಟಿಂಗ್‌ಗೆ 50,000, ಅಂಗಡಿ ಬಾಡಿಗೆ ಮತ್ತು ಕರೆಂಟಿಗೆ 72,000, ಪೆಟ್ರೋಲ್ ಇತ್ಯಾದಿ 28,000 ಕಳೆದರೆ ಉಳಿದದ್ದು 4,40,000. ನೂರು ರೂಪಾಯಿ ಬಂದರೆ 52 ರೂಪಾಯಿ ಕೆಲಸಕ್ಕೇ ಹೋಗುತ್ತದೆ.

ಹೆಂಡತಿಯ ಹೊಲಿಗೆ ಎಷ್ಟು ಎಂದು ಕೇಳಿದೆ. "ಅದು ಏನಿಲ್ಲ ಸಾರ್, ಅವಳ ಕೈಖರ್ಚಿಗೆ ಆಗುತ್ತೆ," ಎಂದರು ಗಂಡ. ಆಕೆ ಏನೂ ಮಾತಾಡದೆ ಚೀಲದಿಂದ ಶಾಲೆಯ ಹಳೆ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಲೈನಿಂಗ್ ಬ್ಲೌಸ್ ಎಷ್ಟು, ಸಾದಾ ಎಷ್ಟು, ಫಾಲ್ ಎಷ್ಟು, ಎಲ್ಲ ತಾರೀಕು ಹಾಕಿ ಬರೆದಿತ್ತು. ಎದುರು ಪುಟದಲ್ಲಿ ಆ ಹಣ ಹೋದ ದಾರಿ: ಗ್ಯಾಸ್, ಹಾಲು, ಅತ್ತೆಯ ಮಾತ್ರೆ, ಶಾಲೆ ವ್ಯಾನ್. ಸರಾಸರಿ ತಿಂಗಳಿಗೆ 4,500, ವರ್ಷಕ್ಕೆ 54,000. ಗಂಡ ಆ ಪುಸ್ತಕವನ್ನು ಅದೇ ಮೊದಲ ಸಲ ನೋಡಿದ್ದು. ಇಂಥ ಸಂಸಾರಗಳಲ್ಲಿ ಲೆಕ್ಕ ಇಡುವವರು ಒಬ್ಬರು, ತೀರ್ಮಾನ ಮಾಡುವವರು ಇನ್ನೊಬ್ಬರು ಆಗಿರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಎರಡೂ ಸೇರಿ 4,94,000. ಮನೆ ಖರ್ಚು ಬಾಡಿಗೆ ಸೇರಿ ತಿಂಗಳಿಗೆ 24,000, ಶಾಲಾ ಶುಲ್ಕ ವರ್ಷಕ್ಕೆ 46,000. ಇದಕ್ಕೆ ಕ್ಯಾಮೆರಾ ಕಂತು, ಮೂರು ರೂಪಾಯಿ ಬಡ್ಡಿ, ಬಂಗಾರದ ಸಾಲದ ಬಡ್ಡಿ ಸೇರಿಸಿದರೂ ಮೊತ್ತ 4,50,600. ವರ್ಷದ ಕೊನೆಗೆ 43,400 ಉಳಿಯಲೇಬೇಕು. ಸಾಲ ಆಗುತ್ತಿರುವುದು ಹಣ ಸಾಲದ್ದಕ್ಕಲ್ಲ, ಬರುವ ತಿಂಗಳೇ ಬೇರೆ, ಬೇಕಾಗುವ ತಿಂಗಳೇ ಬೇರೆ ಆಗಿರುವುದಕ್ಕೆ. ಶಾಲಾ ಶುಲ್ಕ ಜೂನ್‌ನಲ್ಲಿ, ವಿಮೆ ಜುಲೈನಲ್ಲಿ, ಆರ್ಡರ್ ಮಾತ್ರ ಏಪ್ರಿಲ್, ಮೇನಲ್ಲಿ.

ಇದಕ್ಕಿಂತ ದೊಡ್ಡ ತೂತು ಅಡ್ವಾನ್ಸ್. ಏಪ್ರಿಲ್, ಮೇ ಮದುವೆಗಳಿಗೆ ಡಿಸೆಂಬರ್‌ನಿಂದಲೇ ಅಡ್ವಾನ್ಸ್ ಬರುತ್ತದೆ. ಹಿಂದಿನ ಚಳಿಗಾಲದಲ್ಲಿ ಬಂದ ಅಡ್ವಾನ್ಸ್‌ನಲ್ಲಿ ಫ್ರಿಜ್ ಬಂತು, ಡ್ರೋನ್ ಬಂತು. ಮದುವೆ ಮುಗಿದು ಆಲ್ಬಮ್ ಪ್ರಿಂಟ್‌ಗೆ ಹಾಕುವ ಹೊತ್ತಿಗೆ ಆ ಗಿರಾಕಿಯ ಹಣ ಇಲ್ಲ, ಮುಂದಿನ ಗಿರಾಕಿಯ ಅಡ್ವಾನ್ಸ್‌ನಿಂದ ಪ್ರಿಂಟ್. ನಮ್ಮಲ್ಲಿಗೆ ಬಂದಾಗ ಏಳು ಆಲ್ಬಮ್ ಬಾಕಿ ಇದ್ದವು. ಮದುಮಕ್ಕಳಿಗೆ ಮಗುವಾದರೂ ಆಲ್ಬಮ್ ಬಂದಿಲ್ಲ ಎಂದು ಜನ ನಗುವುದಕ್ಕೆ ಕಾರಣ ಎಷ್ಟೋ ಸಲ ಸೋಮಾರಿತನ ಅಲ್ಲ, ಇದೇ. ಆಲ್ಬಮ್ ಕೊಡುವವರೆಗೆ ಅಡ್ವಾನ್ಸ್ ಎಂದರೆ ಗಿರಾಕಿಯಿಂದ ಪಡೆದ ಸಾಲ ಎಂದು ಹೇಳಿದ್ದು ಆತನಿಗೆ ಹಿಡಿಸಲಿಲ್ಲ. ವಾದ ಮಾಡಿದರು. ನಾನು ಆ ಏಳು ಹೆಸರುಗಳನ್ನು ಒಂದರ ಕೆಳಗೊಂದು ಬರೆಯಲು ಹೇಳಿದೆ.

ಕೊಟ್ಟ ಸಲಹೆ ಹೀಗಿತ್ತು. ಖಾತೆ ಮೂರು. ಯಾರೇ ಹಣ ಕೊಡಲಿ, ಅದೇ ದಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು 'ಕೆಲಸದ ಖಾತೆ'ಗೆ. ಅಲ್ಲಿಂದ ಪ್ರಿಂಟಿಂಗ್, ಎರಡನೇ ಕ್ಯಾಮೆರಾ, ಎಡಿಟಿಂಗ್, ಅಂಗಡಿ ಬಾಡಿಗೆ ಬಿಟ್ಟು ಬೇರೇನೂ ಹೋಗಬಾರದು. ಉಳಿದದ್ದು 'ಸೀಸನ್ ಖಾತೆ'ಗೆ. ಸೀಸನ್ ಖಾತೆಯಿಂದ ಪ್ರತಿ ತಿಂಗಳು 5ನೇ ತಾರೀಕು 22,000 ಹೆಂಡತಿಯ ಖಾತೆಗೆ ಸಂಬಳದ ಹಾಗೆ ಹೋಗಬೇಕು, ಮೇ ಆದರೂ ಅಷ್ಟೇ, ಆಷಾಢ ಆದರೂ ಅಷ್ಟೇ. ಅದರ ಜೊತೆ ಹೊಲಿಗೆ ಹಣ ಸೇರಿದರೆ ಮನೆ ನಡೆಯುತ್ತದೆ. ಮೇನಲ್ಲಿ ಕೈ ಬಿಗಿಯುವುದು ಆಷಾಢದಲ್ಲಿ ಕೈ ಚಾಚುವುದಕ್ಕಿಂತ ಕಷ್ಟ ಎಂದು ಆತನೇ ಒಪ್ಪಿಕೊಂಡರು.

ಸೀಸನ್ ಮುಗಿಯುವ ಹೊತ್ತಿಗೆ ಖಾತೆಯಲ್ಲಿ ನಾಲ್ಕು ತಿಂಗಳ ಸಂಬಳ 88,000, ನಾಲ್ಕು ಕ್ಯಾಮೆರಾ ಕಂತು 25,600, ಶಾಲಾ ಶುಲ್ಕ 46,000, ಒಟ್ಟು ಸುಮಾರು 1,60,000 ಇರಬೇಕು. ಸಾಮಾನ್ಯವಾಗಿ ಮೇ ಕೊನೆಯ ಗಡುವು ಹಾಕಬಹುದಿತ್ತು. ಆದರೆ 2026ರಲ್ಲಿ ಅಧಿಕ ಜ್ಯೇಷ್ಠ ಬಂದಿದೆ, ಮೇ 17ರಿಂದ ಜೂನ್ 15ರವರೆಗೆ ಮದುವೆ ಇಲ್ಲ. ಆಮೇಲೆ ನಿಜ ಜ್ಯೇಷ್ಠದಲ್ಲಿ ಒಂದಿಷ್ಟು ಕೆಲಸ ಸಿಕ್ಕಿ, ಜುಲೈ ಮಧ್ಯದಿಂದ ಮತ್ತೆ ಆಷಾಢ. ಹಾಗಾಗಿ ಗಡುವು ಮೇ 16. ಸಂಬಳದಾರರಿಗೆ ಬಜೆಟ್ ಹಾಕಲು ಕ್ಯಾಲೆಂಡರ್ ಸಾಕು, ಈ ವೃತ್ತಿಯವರು ಪಂಚಾಂಗ ಇಟ್ಟುಕೊಂಡೇ ಹಾಕಬೇಕು.

ಮೂರು ರೂಪಾಯಿ ಬಡ್ಡಿಯ ಸಾಲ ಮೊದಲು ತೀರಬೇಕು ಎಂಬುದರಲ್ಲಿ ಚರ್ಚೆಗೆ ಜಾಗವಿರಲಿಲ್ಲ. ಹೆಂಡತಿ ಕೊರಳ ಸರಕ್ಕೆ ಕೈ ಹಾಕಿದರು. ಬೇಡ ಎಂದೆ. ವರ್ಷದಲ್ಲಿ ಹತ್ತು ಸಲವೂ ಹಾರದ ಡ್ರೋನ್ ಅಂಗಡಿಯಲ್ಲಿತ್ತು. ಆತನಿಗೆ ಅದು ಮಾನದ ವಸ್ತು. ಅದನ್ನು ಮಾರಿ, ಬೇಕಾದಾಗ ಬಾಡಿಗೆಗೆ ಸಿಗುತ್ತದಲ್ಲ ಎಂದಾಗ ಉತ್ತರ ಬರಲಿಲ್ಲ.

ಇನ್ನು ವಿಮೆ. ಆತನ ತಕರಾರು ಎಲ್ಲರದ್ದೇ: "ಎರಡು ವರ್ಷ ಕಟ್ಟಿದೆ, ಒಂದು ರೂಪಾಯಿ ವಾಪಸ್ ಬರಲಿಲ್ಲ." ಮುಹೂರ್ತದ ಹೊತ್ತಿಗೆ ಕ್ಯಾಮೆರಾದಲ್ಲಿ ಎಷ್ಟು ಕಾರ್ಡ್ ಇರುತ್ತೆ ಎಂದು ಕೇಳಿದೆ. ಎರಡು, ಒಂದೇ ಫೋಟೋ ಎರಡಕ್ಕೂ ಬರೆಯುತ್ತದೆ. ಎರಡನೇ ಕಾರ್ಡ್‌ನಿಂದ ಈವರೆಗೆ ಎಷ್ಟು ಸಂಪಾದಿಸಿದಿರಿ ಎಂದೆ. ನಕ್ಕರು, ಆ ಮಾತು ಅಲ್ಲಿಗೆ ಮುಗಿಯಿತು.

ಮುಂದಿನ ಪ್ರಶ್ನೆ ಮೆಲ್ಲಗೆ ಬಂತು: "ಬಿಪಿ ವಿಷಯ ಬರೆದ್ರೆ ಪಾಲಿಸಿ ಕೊಡಲ್ಲ ಅಂತಾರೆ. ಬರೀದೆ ಇದ್ರೆ?" ಬರೆಯಲೇಬೇಕು. ಆಗಸ್ಟ್‌ನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬಿಪಿ ಎಂದು ಬರೆದಾಗಿದೆ, ನಾಳೆ ಕ್ಲೇಮ್ ಹಾಕಿದಾಗ ಕಂಪನಿ ಹಳೆಯ ಕಾಗದ ಕೇಳುತ್ತದೆ. ಹೇಳಿದರೆ ಆಗುವ ತೊಂದರೆಗೆ ಮಿತಿ ಇದೆ: ಕಂತು ಸ್ವಲ್ಪ ಹೆಚ್ಚು, ಆ ಕಾಯಿಲೆಗೆ ಕಾಯುವ ಅವಧಿ. ಮೊದಲು ಅದನ್ನು 48 ತಿಂಗಳವರೆಗೂ ಇಡಬಹುದಿತ್ತು, 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಗರಿಷ್ಠ 36 ತಿಂಗಳಿಗೆ ಇಳಿಸಿತು. ಮುಚ್ಚಿಟ್ಟರೆ ಆಗುವ ತೊಂದರೆಗೆ ಮಿತಿಯಿಲ್ಲ, ಪಾಲಿಸಿಯೇ ರದ್ದಾಗಬಹುದು. ಸತತ 60 ತಿಂಗಳು ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾದರೆ ಹೊರತು, ವಿಷಯ ಮುಚ್ಚಿಟ್ಟಿದ್ದೀರಿ ಎಂದು ಕಂಪನಿ ಕ್ಲೇಮ್ ತಳ್ಳಿಹಾಕುವಂತಿಲ್ಲ. ಆ ಐದು ವರ್ಷ ಕಂತು ತಪ್ಪಬಾರದು ಅಷ್ಟೇ.

ತಿಂಗಳ ಕಂತು ಬೇಡ ಎಂದೆ. ಅಲ್ಲಿ ಗ್ರೇಸ್ 15 ದಿನ ಮಾತ್ರ, ಹನ್ನೆರಡು ಸಲ ತಪ್ಪುವ ಅವಕಾಶ. ವರ್ಷಕ್ಕೊಮ್ಮೆ, ಅದೂ ಹಣ ಬರುವ ತಿಂಗಳಲ್ಲಿ. ತುಳಸಿ ಹಬ್ಬ ಕಳೆದು ಮದುವೆ ಶುರುವಾಗಿ ಬೇಸಿಗೆಯ ಅಡ್ವಾನ್ಸೂ ಬರತೊಡಗುವ ನವೆಂಬರ್ ಕೊನೆ ಆತನಿಗೆ ಸರಿ ಹೊಂದುತ್ತದೆ. ಪಾಲಿಸಿ ಶುರುವಾದ ತಾರೀಕೇ ಮುಂದೆ ಪ್ರತಿ ವರ್ಷದ ಗಡುವು ಎಂಬುದನ್ನು ಕೊಳ್ಳುವಾಗ ಯಾರೂ ಯೋಚಿಸುವುದಿಲ್ಲ. ನಾಲ್ವರಿಗೂ ಸೇರಿ 5 ಲಕ್ಷದ ಫ್ಯಾಮಿಲಿ ಪಾಲಿಸಿ, ಬಿಪಿಯ ಹೆಚ್ಚುವರಿ ಸೇರಿ 19,400ಕ್ಕೆ ಸಿಕ್ಕಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲದಿರುವುದೂ ಒದಗಿತು. ಇದಕ್ಕಿಂತ 3,000 ಕಡಿಮೆಗೆ ಇನ್ನೊಂದು ಪಾಲಿಸಿ ಇತ್ತು, ಅದರಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ 5,000ದ ಮಿತಿ. 8,000ದ ರೂಮ್ ಹಿಡಿದರೆ ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಖರ್ಚಿನಲ್ಲೂ ಎಂಟರಲ್ಲಿ ಐದು ಭಾಗ ಮಾತ್ರ ಸಿಗುತ್ತದೆ. ಹೆಂಡತಿ ಅದನ್ನು ಬೇಡವೆಂದರು, ನನಗೂ ಸರಿ ಅನ್ನಿಸಿತು.

ತಾಯಿಯನ್ನು ಈ ಪಾಲಿಸಿಗೆ ಸೇರಿಸಿದರೆ ಕಂತು ಬಹಳ ಏರುತ್ತಿತ್ತು. ವಿಚಾರಿಸಿದರೆ ಆಕೆ ಊರಿನ ಹಾಲು ಉತ್ಪಾದಕರ ಸಂಘದ ಸದಸ್ಯೆ. ಸಹಕಾರ ಸಂಘದ ಸದಸ್ಯರಿಗೆ ರಾಜ್ಯ ಸರ್ಕಾರದ ಯಶಸ್ವಿನಿ ಆರೋಗ್ಯ ಯೋಜನೆ ಇದೆಯಲ್ಲ! ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಯೋಜನೆಯ ಆಸ್ಪತ್ರೆಗಳಲ್ಲಿ ಮಾತ್ರ. ತಿಂಗಳ ಮಾತ್ರೆಗೆ ಸಿಗುವುದಿಲ್ಲ. ನೋಂದಣಿ ವರ್ಷದ ನಿಗದಿತ ಅವಧಿಯಲ್ಲಷ್ಟೇ, ಹಾಗಾಗಿ ಸಂಘದ ಕಾರ್ಯದರ್ಶಿಯನ್ನು ಬೆನ್ನು ಬಿಡದೆ ಕೇಳುತ್ತಿರಬೇಕು. "ನಮ್ದು ಎಪಿಎಲ್ ಕಾರ್ಡ್, ಆಯುಷ್ಮಾನ್ ನಮಗೆಲ್ಲಿ?" ಎಂಬುದೂ ತಪ್ಪು ತಿಳಿವಳಿಕೆ. ನಮ್ಮ ರಾಜ್ಯದಲ್ಲಿ ಎಪಿಎಲ್‌ನವರಿಗೂ ಪ್ಯಾಕೇಜ್ ದರದ (ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರ) ಶೇ 30, ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಬಿಪಿಎಲ್‌ನವರಿಗಾದರೆ 5 ಲಕ್ಷ. ಕಾರ್ಡ್ ಮಾಡಿಸಿಕೊಂಡು ಇಟ್ಟಿರಬೇಕು.

ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ (ಜೀವವಿಮೆ), 20 ರೂಪಾಯಿಯ ಸುರಕ್ಷಾ ಬಿಮಾ (ಅಪಘಾತ ವಿಮೆ) ಇಬ್ಬರಿಗೂ ಮಾಡಿಸಿದೆವು. ಮೇ ಕೊನೆಗೆ ಹಣ ತಾನಾಗಿ ಕಡಿತವಾಗುತ್ತದೆ, ಆ ವಾರ ಖಾತೆ ಬರಿದಾಗಿರಬಾರದು. ಎರಡು ಲಕ್ಷದ ಜೀವವಿಮೆ ಈ ಸಂಸಾರಕ್ಕೆ ಏನೂ ಸಾಲದು, ಟರ್ಮ್ ಪಾಲಿಸಿಯ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಕೊಡುವ ಜೀವವಿಮೆ) ಮಾತನ್ನು ಬೇಸಿಗೆಯ ನಂತರಕ್ಕೆ ಇಟ್ಟುಕೊಂಡಿದ್ದೇವೆ.

ಜನವರಿಯಲ್ಲಿ ಮತ್ತೆ ಬಂದಿದ್ದರು. ಡ್ರೋನ್ 55,000ಕ್ಕೆ ಹೋಗಿದೆ, ಅದಕ್ಕೆ 25,000 ಸೇರಿಸಿ ಬಡ್ಡಿ ಸಾಲ ತೀರಿಸಿದ್ದಾರೆ. ಪಾಲಿಸಿ ಕಾಗದದಲ್ಲಿ ಚಿಕ್ಕ ಮಗಳ ಹುಟ್ಟಿದ ತಾರೀಕು ತಪ್ಪಿತ್ತು, ಹೆಂಡತಿಯೇ ಗುರುತಿಸಿ ಸರಿಪಡಿಸಿಕೊಂಡರು. ಕೆಲಸದ ಖಾತೆಯಿಂದ ಆತ ತಂಗಿ ಮನೆಯ ಗೃಹಪ್ರವೇಶಕ್ಕೆ 15,000 ತೆಗೆದು 9,000 ಮಾತ್ರ ವಾಪಸ್ ಹಾಕಿದ್ದರು, ಅದರ ಜಗಳ ನನ್ನ ಮುಂದೆಯೇ ನಡೆಯಿತು. ಉಳಿದ 6,000ವನ್ನು ಫೆಬ್ರವರಿಯ ಮೊದಲ ಆರ್ಡರ್‌ನಿಂದ ತುಂಬಬೇಕು ಎಂದು ಬರೆದುಕೊಂಡೆವು. ಬಾಕಿ ಆಲ್ಬಮ್‌ಗಳಲ್ಲಿ ನಾಲ್ಕು ಕೊಟ್ಟಾಗಿದೆ, ಮೂರು ಉಳಿದಿವೆ. ಮುಂದಿನ ಭೇಟಿ ಮೇ ಮೂರನೇ ವಾರ, ಸೀಸನ್ ಖಾತೆಯ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡೇ ಬರಬೇಕೆಂದು ಹೇಳಿ ಕಳಿಸಿದ್ದೇನೆ.