ಹಳೆಯ ಡ್ರೈವ್, ಹೊಸ ವಿಂಡೋಸ್: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಿಂಡೋಸ್ 7 ಇದ್ದ ಲ್ಯಾಪ್‌ಟಾಪ್ ಕೆಟ್ಟಿದ್ದರಿಂದ ವಿಂಡೋಸ್ 11ರದ್ದು ತಂದಿದ್ದೇವೆ. ಮೋಟರ್‌ನ ವೇಗ ನಿಯಂತ್ರಿಸುವ ನಮ್ಮ ಹಳೆಯ ಡ್ರೈವ್‌ನ (ವಿಎಫ್‌ಡಿ) ಸಾಫ್ಟ್‌ವೇರ್ ತೆರೆದುಕೊಳ್ಳುತ್ತದೆ, ಆದರೆ ಡ್ರೈವ್ ಕನೆಕ್ಟ್ ಆಗುತ್ತಿಲ್ಲ. ಯುಎಸ್‌ಬಿ-ಸೀರಿಯಲ್ ಕೇಬಲ್ ಹಳೆಯದೇ. ಡ್ರೈವ್‌ನಲ್ಲೇ ದೋಷವಿರಬಹುದೇ?

ಉತ್ತರ: ಕೀಪ್ಯಾಡ್‌ನಿಂದ ಮೋಟರ್ ಸರಿಯಾಗಿ ಓಡುತ್ತಿದ್ದರೆ ಸದ್ಯಕ್ಕೆ ಡ್ರೈವನ್ನು ಬಿಚ್ಚಬೇಡಿ. ಇಂಥ ತೊಂದರೆ ಹೆಚ್ಚಾಗಿ ಕೇಬಲ್ ಮತ್ತು ಪೋರ್ಟ್‌ನಲ್ಲೇ ಇರುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು ‘ಪೋರ್ಟ್ಸ್’ ಕೆಳಗೆ ಹಳದಿ ಗುರುತು ಇದೆಯೇ ನೋಡಿ. ಪ್ರೊಲಿಫಿಕ್ ಚಿಪ್‌ನ ಹಳೆಯ ಕೇಬಲ್ ಆದರೆ, ಹೆಸರಿನ ಜಾಗದಲ್ಲೇ ‘ಪಿಎಲ್2303ಎಚ್‌ಎಕ್ಸ್‌ಎ 2012ರಿಂದ ಸ್ಥಗಿತ, ಮಾರಿದವರನ್ನು ಸಂಪರ್ಕಿಸಿ’ ಎಂಬ ಅರ್ಥದ ಸಾಲು ಕಾಣಬಹುದು. ಹೊಸ ಡ್ರೈವರ್ (ಕೇಬಲನ್ನು ವಿಂಡೋಸ್‌ಗೆ ಹೊಂದಿಸುವ ತಂತ್ರಾಂಶ) ಆ ಚಿಪ್ಪನ್ನು ಒಪ್ಪುವುದಿಲ್ಲ. ಹಳೆಯ ಡ್ರೈವರ್ ಹಾಕಿದರೆ ಕೆಲವೊಮ್ಮೆ ನಡೆಯುತ್ತದೆ, ಆದರೆ ಮುಂದಿನ ಅಪ್‌ಡೇಟ್ ಅದನ್ನು ಮತ್ತೆ ಬದಲಿಸಿಬಿಡಬಹುದು. ಎಫ್‌ಟಿಡಿಐ ಚಿಪ್ ಇರುವ, ಗ್ಯಾಲ್ವನಿಕ್ ಐಸೊಲೇಷನ್ (ಎರಡು ಬದಿಗಳ ನಡುವೆ ನೇರ ವಿದ್ಯುತ್ ಸಂಪರ್ಕವಿಲ್ಲದ ವ್ಯವಸ್ಥೆ) ಉಳ್ಳ ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಕೊಳ್ಳುವುದೇ ಮೇಲು. ಮೋಟರ್ ಓಡಲು ಶುರುವಾದ ಕೂಡಲೇ ಪೋರ್ಟ್ ಮಾಯವಾಗುವ ಕಾಟಕ್ಕೂ ಐಸೊಲೇಷನ್ ಬಹುಮಟ್ಟಿಗೆ ಪರಿಹಾರ. ಸೀರಿಯಲ್ ಸಂಪರ್ಕದಲ್ಲಿ ಎರಡು ಬಗೆ; ನಿಮ್ಮ ಡ್ರೈವ್‌ಗೆ ಬೇಕಾದದ್ದು ಆರ್‌ಎಸ್-232 ಕನ್ವರ್ಟರೋ ಆರ್‌ಎಸ್-485 ಕನ್ವರ್ಟರೋ ಎಂಬುದನ್ನು ಮಾತ್ರ ಮ್ಯಾನುವಲ್ ನೋಡಿಯೇ ಕೊಳ್ಳಿ.

ಪೋರ್ಟ್ ಸರಿಯಾಗಿ ಕಂಡಮೇಲೆ ಅದರ ಸಂಖ್ಯೆ ಗಮನಿಸಿ. ವಿಂಡೋಸ್ ‘ಕಾಮ್ 17’ ಎಂದು ಕೊಟ್ಟಿದ್ದರೆ ಕೆಲವು ಹಳೆಯ ಸಾಫ್ಟ್‌ವೇರ್‌ಗಳಿಗೆ ಅದು ಕಾಣುವುದೇ ಇಲ್ಲ. ಪ್ರಾಪರ್ಟೀಸ್‌ನಲ್ಲಿ ಪೋರ್ಟ್ ಸೆಟ್ಟಿಂಗ್ಸ್, ಅಲ್ಲಿ ಅಡ್ವಾನ್ಸ್ಡ್‌ಗೆ ಹೋಗಿ ಖಾಲಿ ಇರುವ ಕಾಮ್ 2, 3 ಅಥವಾ 4ಕ್ಕೆ ಬದಲಿಸಿ. ಎಫ್‌ಟಿಡಿಐ ಆದರೆ ಅದೇ ಪುಟದಲ್ಲಿ ಲೇಟೆನ್ಸಿ ಟೈಮರ್ (ಬಂದ ಡೇಟಾವನ್ನು ಪಿಸಿಗೆ ಕಳಿಸುವ ಮುನ್ನ ಚಿಪ್ ಕಾಯುವ ಸಮಯ) 16 ಮಿಲಿಸೆಕೆಂಡ್ ಇರುತ್ತದೆ, 1 ಅಥವಾ 2 ಮಾಡಿ. ಒಮ್ಮೆ ಕನೆಕ್ಟ್ ಆಗಿ ನಡುವೆ ‘ಟೈಮ್‌ಔಟ್’ ಬರುತ್ತಿದ್ದರೆ ಇದರಿಂದಲೇ ಸರಿಹೋಗಬಹುದು. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ವಿದ್ಯುತ್ ಉಳಿಸಲು ಪೋರ್ಟ್ ಮಲಗಿಸುವ ಆಯ್ಕೆ) ಇದ್ದರೆ ಅದನ್ನೂ ಆಫ್ ಮಾಡಿ.

ಇನ್ನು ಸಂವಹನದ ಹೊಂದಿಕೆ ಮತ್ತು ವೈರಿಂಗ್. ಬಹಳಷ್ಟು ಡ್ರೈವ್‌ಗಳು ಪಿಸಿಯೊಡನೆ ಮಾತಾಡುವ ಮಾಡ್‌ಬಸ್ ಆರ್‌ಟಿಯು ನಿಯಮದ ಮೂಲ ಹೊಂದಿಕೆ 19200 ಬಾಡ್ (ಡೇಟಾ ವೇಗ), ಈವನ್ ಪ್ಯಾರಿಟಿ (ದೋಷ ಪತ್ತೆಯ ಬಿಟ್). ಆದರೆ 9600, ನೋ ಪ್ಯಾರಿಟಿಯಲ್ಲಿ ಬರುವ ಡ್ರೈವ್‌ಗಳೂ ಬೇಕಾದಷ್ಟಿವೆ. ಕೀಪ್ಯಾಡ್‌ನಲ್ಲಿ ನೋಡಿ ಎರಡೂ ಕಡೆ ಒಂದೇ ಮಾಡಿ. ಬದಲಿಸಿದ ಮೇಲೆ ಡ್ರೈವ್‌ನ ಪವರ್ ತೆಗೆದು ಮತ್ತೆ ಕೊಡಬೇಕಾಗಬಹುದು. ಆದರೂ ಉತ್ತರ ಬಾರದಿದ್ದರೆ ಆರ್‌ಎಸ್-485ರ ಎ, ಬಿ ಡೇಟಾ ತಂತಿಗಳನ್ನು ಅದಲುಬದಲು ಮಾಡಿ, ಏಕೆಂದರೆ ಈ ಗುರುತುಗಳನ್ನು ಎಲ್ಲ ತಯಾರಕರೂ ಒಂದೇ ರೀತಿ ಬಳಸುವುದಿಲ್ಲ. ಅದಲುಬದಲಾದ ಮಾತ್ರಕ್ಕೆ ಏನೂ ಸುಡುವುದಿಲ್ಲ. 120 ಓಮ್ ಟರ್ಮಿನೇಷನ್ (ಸಿಗ್ನಲ್ ಪ್ರತಿಫಲಿಸದಂತೆ ತಡೆಯುವ ರೆಸಿಸ್ಟರ್) ಉದ್ದದ ಲೈನ್‌ನ ಎರಡು ತುದಿಗಳಲ್ಲಿ ಬೇಕು. ಮೇಜಿನ ಮೇಲಿನ ಒಂದು ಮೀಟರ್ ಕೇಬಲ್‌ಗೆ ಅದರ ಚಿಂತೆ ಬೇಡ.

ಡ್ರೈವ್‌ನ ಆರ್‌ಜೆ-45 ಕಿಂಡಿಯನ್ನು ಕಂಡು ಲ್ಯಾಪ್‌ಟಾಪ್‌ನ ಲ್ಯಾನ್ ಪೋರ್ಟ್‌ಗೆ ನೇರವಾಗಿ ಚುಚ್ಚಬೇಡಿ. ಉದಾಹರಣೆಗೆ ಶ್ನೈಡರ್ ಕಂಪನಿಯ ಆಲ್ಟಿವಾರ್ 312 ಡ್ರೈವ್‌ನಲ್ಲಿ ಆ ಕಿಂಡಿ ಈಥರ್‌ನೆಟ್ ಅಲ್ಲ: 4 ಮತ್ತು 5ನೇ ಪಿನ್ ಮಾಡ್‌ಬಸ್ ಡೇಟಾ, 8 ಕಾಮನ್, 7ರಲ್ಲಿ 10 ವೋಲ್ಟ್ ಇರುತ್ತದೆ.

ಪ್ರಶ್ನೆ: ನಮ್ಮಲ್ಲಿ ಸೆಟಪ್ ಫೈಲ್ ಶುರುವಾಗುವುದೇ ಇಲ್ಲ. ಕಂಪ್ಯಾಟಿಬಿಲಿಟಿ ಮೋಡ್ ಕೂಡ ಪ್ರಯೋಜನವಾಗಲಿಲ್ಲ.

ಉತ್ತರ: ಆ ಸೆಟಪ್ 16-ಬಿಟ್‌ನದ್ದಿರಬಹುದು. 64-ಬಿಟ್ ವಿಂಡೋಸ್‌ನಲ್ಲಿ ಅಂಥದ್ದು ನಡೆಯುವುದಿಲ್ಲ, ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ. ಮೊದಲು ತಯಾರಕರ ಬಳಿ ಹೊಸ ಆವೃತ್ತಿ ಇದೆಯೇ ವಿಚಾರಿಸಿ. ಇಲ್ಲವಾದರೆ ವರ್ಚುವಲ್ ಮಷೀನ್‌ನಲ್ಲಿ (ಲ್ಯಾಪ್‌ಟಾಪ್‌ನೊಳಗೇ ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರ್) 32-ಬಿಟ್ ವಿಂಡೋಸ್ 7 ಹಾಕಿ, ಯುಎಸ್‌ಬಿ ಕನ್ವರ್ಟರನ್ನು ಅದಕ್ಕೆ ವಹಿಸಿಕೊಡಿ. ಆ ಮಷೀನ್‌ನ ನೆಟ್‌ವರ್ಕ್ ಅಡಾಪ್ಟರ್ ಆಫ್ ಇರಲಿ, ಅಷ್ಟು ಹಳೆಯ ವಿಂಡೋಸ್ ಇಂಟರ್ನೆಟ್‌ಗೆ ಬರಬಾರದು.

ಸೆಟಪ್ ಮುಗಿದೂ ಪ್ರೋಗ್ರಾಂ ತೆರೆಯದಿದ್ದರೆ ವಿಂಡೋಸ್ ಫೀಚರ್ಸ್‌ನಲ್ಲಿ ಡಾಟ್‌ನೆಟ್ 3.5 ಆನ್ ಮಾಡಿ ನೋಡಿ. ಉಳಿಸಿದ ಪ್ಯಾರಾಮೀಟರ್ ಫೈಲ್ ಕಾಣೆಯಾದರೆ ಗಾಬರಿ ಬೇಡ: ಹಳೆಯ ಪ್ರೋಗ್ರಾಂಗಳು ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯಲು ಹೋಗುತ್ತವೆ, ವಿಂಡೋಸ್ ಅದನ್ನು ಆಪ್‌ಡೇಟಾದ ಲೋಕಲ್ ಫೋಲ್ಡರ್‌ನಲ್ಲಿರುವ ‘ವರ್ಚುವಲ್‌ಸ್ಟೋರ್’ಗೆ ತಿರುಗಿಸಿರುತ್ತದೆ. ಸಿ ಡ್ರೈವ್‌ನ ಬೇರೆ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್ ಮಾಡಿದರೆ ಈ ಗೊಂದಲವಿಲ್ಲ.

ಪ್ರಶ್ನೆ: ಕನೆಕ್ಟ್ ಆಯಿತು. ಹಳೆಯ ಫೈಲನ್ನು ನೇರವಾಗಿ ಡ್ರೈವ್‌ಗೆ ಬರೆಯಬಹುದೇ?

ಉತ್ತರ: ಈಗಲೇ ಬೇಡ. ಮೊದಲು ಡ್ರೈವ್‌ನಲ್ಲಿರುವುದನ್ನು ಪೂರ್ತಿ ಓದಿ, ದಿನಾಂಕ ಹಾಕಿ ಉಳಿಸಿ. ಅಪ್‌ಲೋಡ್, ಡೌನ್‌ಲೋಡ್ ಗುಂಡಿಗಳ ದಿಕ್ಕು ಒಂದೊಂದು ಸಾಫ್ಟ್‌ವೇರ್‌ನಲ್ಲಿ ಒಂದೊಂದು ಥರ, ಆದ್ದರಿಂದ ಬಾಣದ ಗುರುತು ಯಾವ ಕಡೆಗಿದೆ ಎಂದು ನೋಡಿಯೇ ಒತ್ತಿ. ಆಮೇಲೆ ಎರಡು ಫೈಲ್‌ಗಳನ್ನು ಹೋಲಿಸಿ. ಮೋಟರ್ ವೋಲ್ಟೇಜ್, ಕರೆಂಟ್, ಆವರ್ತನ, ವೇಗ ಇವು ನೇಮ್‌ಪ್ಲೇಟ್‌ಗೆ ಹೊಂದಬೇಕು. ಕರೆಂಟನ್ನು ನಿಮ್ಮ ಸ್ಟಾರ್ ಅಥವಾ ಡೆಲ್ಟಾ ಜೋಡಣೆಗೆ ತಕ್ಕ ಸಾಲಿನಿಂದಲೇ ತೆಗೆದುಕೊಳ್ಳಿ. ಇದು ತಪ್ಪಾದರೆ ಓವರ್‌ಲೋಡ್ ರಕ್ಷಣೆಯೂ ತಪ್ಪುತ್ತದೆ.

ಬರೆಯುವಾಗ ಮೋಟರ್ ನಿಂತಿರಲಿ, ರನ್ ಸಿಗ್ನಲ್‌ನ ತಂತಿ ತೆಗೆದಿರಲಿ. ಡಿಜಿಟಲ್ ಇನ್‌ಪುಟ್‌ನ ಅರ್ಥ ಬದಲಾಗುತ್ತಿದ್ದಂತೆ ಡ್ರೈವ್ ಹೊರಟುಬಿಡಬಹುದು. ಪಿಸಿಯಿಂದಲೇ ಮೋಟರ್ ಓಡಿಸಿ ನೋಡುವುದಾದರೆ, ಸಂಪರ್ಕ ಕಡಿದಾಗ ಡ್ರೈವ್ ನಿಲ್ಲುವಂತೆ ಕಮ್ಯುನಿಕೇಷನ್ ಫಾಲ್ಟ್ ಹೊಂದಿಸಿ, ಎಮರ್ಜೆನ್ಸಿ ಸ್ಟಾಪ್ ಕೈಗೆಟುಕುವಲ್ಲಿರಲಿ. ಕವರ್ ತೆಗೆಯಬೇಕಾದರೆ ಪವರ್ ಆಫ್ ಮಾಡಿ ಮ್ಯಾನುವಲ್ ಹೇಳಿದಷ್ಟು ನಿಮಿಷ ಕಾದು, ಡಿಸಿ ಬಸ್ (ಡ್ರೈವ್‌ನೊಳಗೆ ಕೆಪಾಸಿಟರ್‌ಗಳಿರುವ ಡಿಸಿ ಭಾಗ) ವೋಲ್ಟೇಜನ್ನು ಮೀಟರ್‌ನಿಂದ ಅಳೆದೇ ಕೈ ಹಾಕಿ. ಡಿಸ್‌ಪ್ಲೇ ಆರಿದ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ಪ್ರಶ್ನೆ: ಈಥರ್‌ನೆಟ್ ಇರುವ ಡ್ರೈವ್ ಸ್ಕ್ಯಾನ್‌ನಲ್ಲಿ ಬರುತ್ತಿಲ್ಲ.

ಉತ್ತರ: ವೈ-ಫೈ ಆಫ್ ಮಾಡಿ. ಡ್ರೈವ್‌ನ ಐಪಿ ವಿಳಾಸ 192.168.1.10 ಆದರೆ ಲ್ಯಾಪ್‌ಟಾಪ್‌ಗೆ 192.168.1.50, ಮಾಸ್ಕ್ 255.255.255.0 ಕೊಡಿ. ಪಿಂಗ್‌ಗೆ (ಡ್ರೈವ್ ನೆಟ್‌ವರ್ಕ್‌ನಲ್ಲಿದೆಯೇ ಎಂದು ನೋಡುವ ಆದೇಶ) ಉತ್ತರ ಬಂದೂ ಸಾಫ್ಟ್‌ವೇರ್‌ನಲ್ಲಿ ಕಾಣದಿದ್ದರೆ ಫೈರ್‌ವಾಲ್‌ನಲ್ಲಿ ಆ ಪ್ರೋಗ್ರಾಂಗೆ ಅನುಮತಿ ಕೊಡಿ. ವಿಂಡೋಸ್ ಈ ಲೈನನ್ನು ‘ಪಬ್ಲಿಕ್’ ನೆಟ್‌ವರ್ಕ್ ಎಂದು ಪರಿಗಣಿಸುವುದರಿಂದ, ಅನುಮತಿ ಪಬ್ಲಿಕ್‌ಗೂ ಇರಬೇಕು.