ಮಾನವ ಸಾಗಾಣಿಕೆಯಿಂದ ಪಾರಾಗಿ ಮನೆಗೆ ಮರಳಿದ ಹುಡುಗಿಯೊಡನೆ ಮನೆಯವರು ಹೇಗೆ ನಡೆದುಕೊಳ್ಳಬೇಕು?

ನಮಸ್ಕಾರ. ಮನೆಗೆಲಸ ಕೊಡಿಸುತ್ತೇವೆಂದು ನಂಬಿಸಿ ಬೆಂಗಳೂರಿಗೆ ಕರೆದೊಯ್ದವರ ಕೈಯಲ್ಲಿ ನರಳಿ, ನಾಲ್ಕು ತಿಂಗಳು ಬಾಲಮಂದಿರದಲ್ಲಿದ್ದು, ಈಗ ಗೌರಿಬಿದನೂರಿನ ಮನೆಗೆ ಬಂದಿರುವ ನಿಮ್ಮ ಅಕ್ಕನ ಮಗಳು ಯಾರೊಡನೆಯೂ ಮಾತನಾಡುತ್ತಿಲ್ಲ, ಏನಾಯಿತೆಂದು ಕೇಳಿದರೆ ಎದ್ದು ಹೋಗುತ್ತಾಳೆ, ಬಂಧುಗಳು ಸೋದರಮಾವನಿಗೇ ಕೊಟ್ಟುಬಿಡಿ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣಗಳ ಮಕ್ಕಳಿಗೆ, ತನಿಖೆ ಮತ್ತು ವಿಚಾರಣೆಯ ಉದ್ದಕ್ಕೂ ಜೊತೆಗಿದ್ದು ನೆರವಾಗುವ ಬೆಂಬಲ ವ್ಯಕ್ತಿಯಾಗಿ ಕೆಲವು ವರ್ಷ ಕೆಲಸ ಮಾಡಿದ್ದರಿಂದ, ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಮದುವೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಅದರಲ್ಲಿ ಚರ್ಚೆಗೆ ಏನೂ ಇಲ್ಲ. ಅವಳಿಗೆ ಇನ್ನೂ 15 ತುಂಬಿಲ್ಲ. ಹುಡುಗಿಗೆ 18 ತುಂಬುವ ಮೊದಲು ಮಾಡಿದ ಮದುವೆ, 2017ರಲ್ಲಿ ಬಂದ ಕರ್ನಾಟಕದ ತಿದ್ದುಪಡಿಯ ಪ್ರಕಾರ, ಆರಂಭದಿಂದಲೇ ಅಸಿಂಧು. ಮಾಡಿಸಿದವರ ಮೇಲಷ್ಟೇ ಅಲ್ಲ, ಹೋಗಿ ಅಕ್ಷತೆ ಹಾಕಿದವರ ಮೇಲೂ ಪ್ರಕರಣವಾಗಬಹುದು. ಒತ್ತಾಯ ಮುಂದುವರಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಇನ್ನು ಅವಳ ಮೌನ. ದಯವಿಟ್ಟು ಏನಾಯಿತೆಂದು ಕೇಳಬೇಡಿ. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂಬುದು ತಾನಾಗಿ ಹೇಳಿಕೊಂಡಾಗ ಮಾತ್ರ ನಿಜ. ಪೊಲೀಸರು, ವೈದ್ಯರು, ಮ್ಯಾಜಿಸ್ಟ್ರೇಟರು, ಮಕ್ಕಳ ಕಲ್ಯಾಣ ಸಮಿತಿಯವರು ಎಂದು ಅವಳು ಅದನ್ನು ಈಗಾಗಲೇ ಹಲವರ ಮುಂದೆ ಹೇಳಿರುತ್ತಾಳೆ. ಮನೆಯಾದರೂ ಹೇಳಬೇಕಾಗಿಲ್ಲದ ಜಾಗವಾಗಿರಲಿ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎರಡನೆಯ ಭೇಟಿಯಲ್ಲೇ ಒಬ್ಬ ಹುಡುಗಿಯ ಬಾಯಿ ಬಿಡಿಸಲು ಹೋದೆ; ಆಮೇಲೆ ಎರಡು ತಿಂಗಳು ಅವಳು ನನ್ನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಹಿತ್ತಿಲಿಗೆ ಹೋಗಿ ಕೂರುತ್ತಿದ್ದಳು. ರಾತ್ರಿ ದೀಪ ಉರಿಯಲಿ ಎಂದರೆ ಉರಿಯಲಿ, ಕೋಣೆಯ ಚಿಲಕ ಸಡಿಲವಾಗಿದ್ದರೆ ಗಟ್ಟಿ ಮಾಡಿಸಿ. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ ಮಾತ್ರ ಕಾಯಬೇಡಿ: ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ನ್ಯಾಯಾಲಯಕ್ಕೆ ಹೋಗುವ ದಿನದ ಭಯ ಅವಳಿಗಿಂತ ಮನೆಯವರಿಗೇ ಹೆಚ್ಚಿರುವುದನ್ನು ಕಂಡಿದ್ದೇನೆ. ಪೋಕ್ಸೊ ವಿಶೇಷ ನ್ಯಾಯಾಲಯದಲ್ಲಿ ಸಾಕ್ಷ್ಯ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳುವಂತಿಲ್ಲ, ಎದುರು ವಕೀಲರು ನೇರವಾಗಿ ಪ್ರಶ್ನಿಸುವಂತಿಲ್ಲ. ನ್ಯಾಯಾಧೀಶರ ಮೂಲಕವೇ ಕೇಳಬೇಕು. ಅವಳು ನಂಬುವ ಒಬ್ಬರು ಜೊತೆಗಿರಬಹುದು. ನಿಮಗೆ ಬೆಂಬಲ ವ್ಯಕ್ತಿಯನ್ನು ಕೊಟ್ಟಿಲ್ಲದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳಿ, ಅದು ಅವಳ ಹಕ್ಕು. ಮಧ್ಯಂತರ ಪರಿಹಾರಕ್ಕಾಗಿ ತೀರ್ಪಿನವರೆಗೆ ಕಾಯಬೇಕಿಲ್ಲ. ಎಫ್‌ಐಆರ್ ಆದ ನಂತರ ಯಾವ ಹಂತದಲ್ಲಾದರೂ ಅರ್ಜಿ ಹಾಕಬಹುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಶುಲ್ಕವಿಲ್ಲದೆ ಬರೆದುಕೊಡುತ್ತಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಿಷನ್ ವಾತ್ಸಲ್ಯ ಎಂಬ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವವನ್ನೂ (ಮಗುವಿನ ಪಾಲನೆಗೆ ಮನೆಗೆ ಕೊಡುವ ನೆರವು) ವಿಚಾರಿಸಿ. ಅರ್ಹತೆಯಿದ್ದರೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ.

ಆದರೆ ಇವೆಲ್ಲ ಹೊರಗಿನ ವ್ಯವಸ್ಥೆ. ಎಷ್ಟು ಹೊತ್ತಿಗೆ ಏಳಬೇಕು, ಏನು ಉಡಬೇಕು, ಯಾರ ಎದುರು ನಿಲ್ಲಬೇಕು ಎಂಬುದನ್ನೆಲ್ಲ ಇಷ್ಟು ದಿನ ಬೇರೆಯವರೇ ತೀರ್ಮಾನಿಸಿದರು. ನಿಜ ಹೇಳಬೇಕೆಂದರೆ ಬಾಲಮಂದಿರದಲ್ಲೂ ಊಟಕ್ಕೆ ಗಂಟೆ ಹೊಡೆಯುವವರು ಬೇರೆಯವರೇ. ಈಗ ಮನೆಯವರು ಪ್ರೀತಿಯಿಂದಲೇ ಆದರೂ ಅದನ್ನೇ ಮುಂದುವರಿಸುತ್ತಾರೆ: ಹೊರಗೆ ಹೋಗಬೇಡ, ಶಾಲೆ ಬೇಡ, ಹೊಲಿಗೆ ಕಲಿ. ಹೊಲಿಗೆ ಯಂತ್ರದ ಬಗ್ಗೆ ನನಗೆ ದ್ವೇಷವಿಲ್ಲ, ಆದರೆ ಇಂತಹ ಪ್ರತಿ ಹುಡುಗಿಗೂ ಅದನ್ನೇ ಯಾಕೆ ಕೊಡುತ್ತಾರೋ ತಿಳಿಯದು. ಹಳೆಯ ಶಾಲೆಯೋ ಹೊಸದೋ ಎಂಬುದನ್ನು ಅವಳನ್ನೇ ಕೇಳಿ. ಉತ್ತರ ಬರಲು ತಿಂಗಳಾದರೂ ಕಾಯಿರಿ.

ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬಳ ವಿಷಯ ಹೇಳುತ್ತೇನೆ. ಬಾಗೇಪಲ್ಲಿ ಕಡೆಯ ಹಳ್ಳಿ, ಮನೆಯಲ್ಲಿ ತೆಲುಗು ಮಾತು. ಜನ ಕೇಳಿಯಾರೆಂದು ಅಜ್ಜಿ ಅವಳನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಮನೆಯ ಯಾವ ಕೆಲಸ ನಿನ್ನದಾಗಿರಲಿ ಎಂದು ಕೇಳಿದ್ದಕ್ಕೆ ಬಹಳ ಹೊತ್ತಿನ ಮೇಲೆ "ಹಸು" ಎಂದಳು. ಬೆಳಿಗ್ಗೆ ಡೇರಿಯಲ್ಲಿ ಜನ ಹೆಚ್ಚು, ಆದ್ದರಿಂದ ಸಂಜೆಯ ಹಾಲು ಮಾತ್ರ ತಾನು ಹಾಕುತ್ತೇನೆಂದು ತೀರ್ಮಾನಿಸಿದ್ದೂ ಅವಳೇ. ಯಾರಾದರೂ ಕೇಳಿದರೆ ಹೇಳಲಿಕ್ಕೆಂದು ನಾನು ಉದ್ದನೆಯ ಉತ್ತರವೊಂದನ್ನು ಹೇಳಿಕೊಟ್ಟಿದ್ದೆ. ಮೂರನೆಯ ವಾರ ಸಾಲಿನಲ್ಲಿದ್ದ ಹೆಂಗಸೊಬ್ಬರು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಾಗ, "ಬೆಂಗಳೂರಿಗೆ" ಎಂದಷ್ಟೇ ಹೇಳಿ ಕ್ಯಾನನ್ನು ಮುಂದೆ ಸರಿಸಿದಳಂತೆ. ಇನ್ನೂ ಕೆಲವು ದಿನಗಳ ನಂತರ, ಹಾಲಿನ ಫ್ಯಾಟ್ (ಕೊಬ್ಬಿನ ಅಂಶ) ಕಡಿಮೆ ಬರೆದಿದ್ದೀರಿ, ಇನ್ನೊಮ್ಮೆ ನೋಡಿ ಎಂದು ಡೇರಿಯ ಕಾರ್ಯದರ್ಶಿಯೊಡನೆ ವಾದಕ್ಕೇ ನಿಂತಳು. ಅಜ್ಜಿ ನನ್ನ ಹತ್ತಿರ ಅದನ್ನು ದೂರೆಂದೇ ಹೇಳಿದರು. ಆ ತಿಂಗಳು ಮಕ್ಕಳ ಕಲ್ಯಾಣ ಸಮಿತಿಗೆ ಕೊಟ್ಟ ವರದಿಯಲ್ಲಿ ನಾನು ಅದನ್ನೇ ಮೊದಲ ಸಾಲಾಗಿ ಬರೆದೆ.